ಆಯುಧಪೂಜೆಯ ನಂತರ

ಆಯುಧಪೂಜೆಯ ದಿನ ನಮ್ಮ ಮನೆಯಲ್ಲಿ ಪೂಜೆಗೊಳ್ಳುವ ಆಯುಧಗಳ ಪಟ್ಟಿ ತಲೆಮಾರಿನಿಂದ ತಲೆಮಾರಿಗೆ ಬದಲಾಗುತ್ತ ಬಂದಿದೆ. ನನ್ನ ತಂದೆಯವರ ಕಾಲದಲ್ಲಿ ಈಳಿಗೆಮಣೆ, ಕುಡುಗೋಲು, ಯಾರ ಕೈಯಲ್ಲೂ ಯಾವ ಯುದ್ಧವನ್ನೂ ಕಾಣದ ಒಂದು ತುಕ್ಕುಗತ್ತಿ, ಮತ್ತು ಅವರ ಸೈಕಲ್ಲು. ನನ್ನ ಕಾಲಕ್ಕೆ ಕತ್ತಿ ಎಲ್ಲಿಯೋ ಕಾಣೆಯಾಗಿ, ಹೊಲಿಗೆಯ ಯಂತ್ರವೂ ಸ್ಕೂಟರೂ ಆ ಸ್ಥಾನಕ್ಕೆ ಬಂದವು. ಈಗ ನನ್ನ ಮೊಮ್ಮಗ ಸುಹಾಸನ ಕಂಪ್ಯೂಟರಿಗೆ ಅಗ್ರಪೂಜೆ. ಕುಂಕುಮವನ್ನು ಹಣೆಗೆ ಹಚ್ಚಬೇಕಷ್ಟೆ. ಯಂತ್ರದ ಹಣೆ ಯಾವುದು ಎಂಬ ಬಗ್ಗೆ ನನ್ನ ಹೆಂಡತಿಗೂ ಅವನಿಗೂ ಪ್ರತಿ ವರ್ಷ ಚರ್ಚೆ ನಡೆಯುತ್ತದೆ.

2025ರ ಅಕ್ಟೋಬರ್ 1, ಬುಧವಾರ, ಮಹಾನವಮಿಯ ಬೆಳಿಗ್ಗೆ, ಪೂಜೆಗೆ ಮುಂಚೆ ಆ ಯಂತ್ರಕ್ಕೆ ಅಭ್ಯಂಜನವೂ ಆಗಲಿ ಎಂದು ಹೇಳಿದವನು ನಾನೇ. ಕಾರಣವಿಲ್ಲದೆ ಹೇಳಿದ್ದಲ್ಲ. ನಮ್ಮ ಪಕ್ಕದ ಹಳೆಯ ಮನೆಯನ್ನು ಬೇಸಿಗೆಯಲ್ಲಿ ಕೆಡವಿ ಹೊಸದು ಕಟ್ಟುತ್ತಿದ್ದರು. ಆ ಮಣ್ಣೂ ಸಿಮೆಂಟಿನ ಪುಡಿಯೂ ಆರು ತಿಂಗಳಿನಿಂದ ನಮ್ಮ ಮನೆಯ ಅನ್ನದಲ್ಲಿ, ಹಾಸಿಗೆಯಲ್ಲಿ, ಪುಸ್ತಕಗಳ ಬೆನ್ನಿನ ಮೇಲೆ ಸಮಾನವಾಗಿ ಹಂಚಿಹೋಗಿದ್ದವು. ಕಂಪ್ಯೂಟರು ಉಸಿರಾಡುವ ಯಂತ್ರ. ಫ್ಯಾನುಗಳ ಮೂಲಕ ಗಾಳಿಯನ್ನು ಒಳಕ್ಕೆ ಎಳೆದು ಬಿಸಿಯನ್ನು ಹೊರಕ್ಕೆ ಬಿಡುತ್ತದೆ. ಅದು ಇತ್ತೀಚೆಗೆ ಗೂರಲು ಹಿಡಿದ ಮುದುಕನಂತೆ ಏದುಸಿರು ಬಿಡುತ್ತಿತ್ತು. ಮುದುಕನಾದ ನನಗೆ ಅದರ ಮೇಲೆ ಕನಿಕರ ಹುಟ್ಟಿದ್ದು ಸಹಜ. ಮೂವತ್ತನಾಲ್ಕು ವರ್ಷ ಕಾಲೇಜಿನಲ್ಲಿ ಭೌತಶಾಸ್ತ್ರ ಹೇಳಿಕೊಟ್ಟವನು ಎಂಬ ಗರ್ವವೂ ಆ ಕನಿಕರದ ಜೊತೆಗೆ ಸೇರಿಕೊಂಡಿತ್ತೆಂದು ಈಗ ಒಪ್ಪಿಕೊಳ್ಳುತ್ತೇನೆ.

ಸುಹಾಸ ಇಂಜಿನಿಯರಿಂಗ್ ಎರಡನೆಯ ವರ್ಷದ ವಿದ್ಯಾರ್ಥಿ. ಆ ಯಂತ್ರವನ್ನು ಅವನು ನೆರೆಯ ಹುಡುಗರಿಗೆ ಗಣಿತದ ಪಾಠ ಹೇಳಿ ಕೂಡಿಟ್ಟ ಹಣದಿಂದ ಒಂದೊಂದೇ ಭಾಗವಾಗಿ ಕೊಂಡು ಜೋಡಿಸಿದ್ದ. ಆದ್ದರಿಂದ ಮುಚ್ಚಳ ಬಿಚ್ಚುವಾಗ ಅವನ ಕೈಯಲ್ಲಿ ಭಯವಿರಲಿಲ್ಲ, ಭಕ್ತಿ ಇತ್ತು. ಕುಂಚದಿಂದ ಧೂಳು ಸಡಿಲಿಸಿ, ಗಾಳಿಯ ಡಬ್ಬಿಯಿಂದ ಊದಿದ. ಊದುವಾಗ ಫ್ಯಾನಿನ ರೆಕ್ಕೆಯನ್ನು ಬೆರಳಿನಿಂದ ಹಿಡಿದುಕೊಂಡಿದ್ದನ್ನು ಕಂಡು ನನಗೆ ಸಂತೋಷವಾಯಿತು. ಹಿಡಿಯದಿದ್ದರೆ ಅದು ಗಾಳಿಯ ರಭಸಕ್ಕೆ ತನ್ನ ಮಿತಿಯನ್ನು ಮೀರಿ ಸುತ್ತಿ ಬೇರಿಂಗನ್ನು ಕೆಡಿಸಿಕೊಳ್ಳಬಹುದು. ಪ್ರೊಸೆಸರಿನ ಮೇಲೆ ಕುಳಿತ ಲೋಹದ ರೆಕ್ಕೆಗಳ ಗೊಂಚಲನ್ನು, ಅಂದರೆ ಹೀಟ್‌ಸಿಂಕನ್ನು, ಕಳಚಿ ತೆಗೆದ. ಅದರ ಅಡಿಯಲ್ಲಿ ಒಣಗಿ ಸುಣ್ಣದಂತಾಗಿದ್ದ ಹಳೆಯ ಲೇಪವನ್ನು ಐಸೊಪ್ರೊಪೈಲ್ ಆಲ್ಕೊಹಾಲಿನಲ್ಲಿ ಅದ್ದಿದ ಬಟ್ಟೆಯಿಂದ ಒರೆಸಿ, ಹೊಸ ಥರ್ಮಲ್ ಪೇಸ್ಟನ್ನು ಬಟಾಣಿಯಷ್ಟು ಇಟ್ಟು, ಹೀಟ್‌ಸಿಂಕನ್ನು ಮತ್ತೆ ಒತ್ತಿ ಕೂರಿಸಿದ. ಅಷ್ಟರಲ್ಲಿ ಒಳಗಿನಿಂದ, "ಇನ್ನೂ ಸ್ನಾನ ಆಗಿಲ್ಲವೇನೋ, ಮಂಗಳಾರತಿಗೆ ಹೊತ್ತಾಯಿತು!" ಎಂದು ಅವನ ಅಜ್ಜಿಯ ಕೂಗು. ಹುಡುಗ ಬಚ್ಚಲಿಗೆ ಓಡಿದ. ಉಳಿದ ಕೆಲಸ, ಎಂದರೆ ಹಿಂಭಾಗದ ತಂತಿಗಳನ್ನು ಮೊದಲಿನಂತೆ ಜೋಡಿಸುವುದು, ನನ್ನ ಪಾಲಿಗೆ ಬಂತು. ಬೆನ್ನು ನೋಯುವವನು ಬಗ್ಗಿ ಮಾಡುವ ಕೆಲಸ ಹೇಗಿರುತ್ತದೋ ಹಾಗೆ ಮಾಡಿ ಮುಗಿಸಿದೆ. ಪೂಜೆ ಸಾಂಗವಾಗಿ ನೆರವೇರಿತು. ಕುಂಕುಮ ಬಳಿದ ಬೂದುಗುಂಬಳಕಾಯಿ ಬಾಗಿಲಿನೆದುರು ಒಡೆಯಿತು. ಮರುದಿನ ಜಂಬೂಸವಾರಿ. ಹಬ್ಬದ ಮನೆಯಲ್ಲಿ ನಾಲ್ಕು ದಿನ ಯಾರೂ ಆಟಕ್ಕೆ ಕೂರಲಿಲ್ಲ.

ಇಲ್ಲಿ ಆಟದ ವಿಚಾರ ಒಂದೆರಡು ಮಾತು ಹೇಳಬೇಕು. ಕಂಪ್ಯೂಟರಿನ ಆಟವೆಂದರೆ ಗುಂಡು ಹಾರಿಸುವುದು, ತಲೆ ಕಡಿಯುವುದು ಎಂದು ಓದುಗರಲ್ಲಿ ಕೆಲವರಾದರೂ ಭಾವಿಸಿರಬಹುದು. ನಾನೂ ಹಾಗೆಯೇ ಭಾವಿಸಿದ್ದೆ. ಸುಹಾಸ ಆಡುವುದು ಲಾರಿ ಓಡಿಸುವ ಆಟ. ಪ್ರಾಗ್ ನಗರದ ಎಸ್‌ಸಿಎಸ್ ಸಾಫ್ಟ್‌ವೇರ್ ಎಂಬ ಸಂಸ್ಥೆ 2012ರಲ್ಲಿ ಹೊರತಂದ 'ಯೂರೋ ಟ್ರಕ್ ಸಿಮ್ಯುಲೇಟರ್ 2' ಎಂಬುದು ಅದರ ಹೆಸರು. ಯೂರೋಪಿನ ಹೆದ್ದಾರಿಗಳಲ್ಲಿ ಸರಕು ತುಂಬಿದ ಲಾರಿಯನ್ನು ಊರಿಂದೂರಿಗೆ ಸಾಗಿಸಬೇಕು, ಅಷ್ಟೆ. ಮಳೆ ಬರುತ್ತದೆ, ಕತ್ತಲಾಗುತ್ತದೆ, ಚಾಲಕ ದಣಿದರೆ ಆಕಳಿಸುತ್ತಾನೆ. 2021ರಿಂದೀಚೆಗೆ ಬೇರೆ ಬೇರೆ ಊರುಗಳಲ್ಲಿ ಕುಳಿತವರು ಒಂದೇ ರಸ್ತೆಯಲ್ಲಿ ಜೊತೆಯಾಗಿ ಸಾಗುವ ಸೌಕರ್ಯವೂ ಅದರಲ್ಲಿ ಬಂದಿದೆ. ಸುಹಾಸನ ಜೊತೆಗೆ ಸಾಗುವವಳು ಅವನ ಅಕ್ಕ ಮೇಘನಾ. ಅವಳು 2024ರಿಂದ ಜರ್ಮನಿಯ ಡ್ರೆಸ್ಡೆನ್‌ನಲ್ಲಿ ಓದುತ್ತಿದ್ದಾಳೆ. ಭಾನುವಾರ ರಾತ್ರಿ ನಮ್ಮಲ್ಲಿ ಒಂಬತ್ತು ಗಂಟೆ, ಅವಳಲ್ಲಿ ಸಂಜೆ ಐದೂವರೆ: ಇಬ್ಬರೂ ಕಿವಿಗೆ ಹೆಡ್‌ಫೋನ್ ಸಿಕ್ಕಿಸಿಕೊಂಡು ಲಾರಿ ಹತ್ತುತ್ತಾರೆ.

ತಾಯಿಯೊಂದಿಗೆ ಮೇಘನಾ ಪ್ರತಿದಿನ ದೂರವಾಣಿಯಲ್ಲಿ ಮಾತನಾಡುತ್ತಾಳೆ. "ಊಟ ಆಯ್ತಾ?" "ಆಯ್ತು." "ಚಳಿ ಹೇಗಿದೆ?" "ಪರವಾಗಿಲ್ಲ." ಇಷ್ಟು. ಮುಖ ನೋಡಿಕೊಂಡು ಮಾತನಾಡುವಾಗ ಹೇಳಲಾಗದ ಮಾತುಗಳು ರಸ್ತೆಯ ಮೇಲೆ ಕಣ್ಣಿಟ್ಟವರ ಬಾಯಿಂದ ತಾವಾಗಿ ಬರುತ್ತವೆ. ಎತ್ತಿನ ಗಾಡಿಯಲ್ಲಿ ಪ್ರಯಾಣ ಮಾಡಿದ ನನ್ನ ವಯಸ್ಸಿನವರಿಗೆ ಇದನ್ನು ವಿವರಿಸಬೇಕಾಗಿಲ್ಲ.

ಹಬ್ಬ ಮುಗಿದ ಭಾನುವಾರ, ಅಕ್ಟೋಬರ್ 5ರ ರಾತ್ರಿ, ಸುಹಾಸ ಲಾರಿ ಹತ್ತಿದ. ಐದು ನಿಮಿಷದೊಳಗೆ ಅವನ ಕೋಣೆಯಿಂದ, "ಅಕ್ಕ, ತಡಿ, ತಡಿ, ಏನೋ ಆಗಿದೆ" ಎಂಬ ಮಾತು ಕೇಳಿಸಿತು. ಹೋಗಿ ನೋಡಿದೆ. ರಸ್ತೆ ಹರಿಯುತ್ತಿರಲಿಲ್ಲ, ಕುಪ್ಪಳಿಸುತ್ತಿತ್ತು. ತಿರುವಿನಲ್ಲಿ ಚಕ್ರ ತಿರುಗಿಸಿದರೆ ಲಾರಿ ಅರ್ಧ ಕ್ಷಣ ಯೋಚಿಸಿ ಆಮೇಲೆ ತಿರುಗುತ್ತಿತ್ತು. ಅಷ್ಟರಲ್ಲಿ ತಡೆಗೋಡೆಗೆ ಗುದ್ದುತ್ತಿತ್ತು. ಪರದೆಯ ಮೂಲೆಯ ಅಂಕಿಯನ್ನು ತೋರಿಸಿ ಸುಹಾಸ ಹೇಳಿದ: ಮೊದಲು ಸೆಕೆಂಡಿಗೆ 60 ಚಿತ್ರಗಳು ಬರುತ್ತಿದ್ದವು, ಈಗ 11. ಸಿನಿಮಾಕ್ಕೆ ಸೆಕೆಂಡಿಗೆ 24 ಚಿತ್ರ ಸಾಕಲ್ಲವೆ, ಇದಕ್ಕೇಕೆ 60 ಬೇಕು ಎಂದು ನಾನು ಕೇಳಿದ್ದು ಆ ಹೊತ್ತಿಗೆ ತಕ್ಕ ಪ್ರಶ್ನೆಯಾಗಿರಲಿಲ್ಲವೆಂದು ತೋರುತ್ತದೆ. ಆದರೂ ಅವನು ತಾಳ್ಮೆಯಿಂದಲೇ ಉತ್ತರ ಕೊಟ್ಟ. ಸಿನಿಮಾದಲ್ಲಿ ಚಲಿಸುವ ವಸ್ತು ಪ್ರತಿಯೊಂದು ಚಿತ್ರದಲ್ಲಿಯೂ ಕೊಂಚ ಮಸುಕಾಗಿ ಮೂಡಿರುವುದರಿಂದ ಕಣ್ಣು ಅವನ್ನು ಬೆಸೆದುಕೊಳ್ಳುತ್ತದೆ. ಮೇಲಾಗಿ ಪ್ರೇಕ್ಷಕ ಕಥಾನಾಯಕನ ಕಾರನ್ನು ತಾನು ಓಡಿಸಬೇಕಾಗಿಲ್ಲ. ಇಲ್ಲಿ ಕೈ ಕೇಳಿದ್ದಕ್ಕೆ ಕಣ್ಣು ಒಡನೆ ಉತ್ತರ ಪಡೆಯಬೇಕು. ಅತ್ತಲಿಂದ ಮೇಘನಾ, "ಇರಲಿ ಬಿಡೋ, ನನಗೂ ಇನ್ನು ಕ್ಲಾಸು ಶುರುವಾದರೆ ಬಿಡುವಾಗುವುದಿಲ್ಲ" ಎಂದದ್ದು ಹೆಡ್‌ಫೋನಿನಿಂದ ಸೋರಿ ನನಗೂ ಕೇಳಿಸಿತು. ಹುಡುಗನ ಮುಖ ಸಣ್ಣಗಾಯಿತು.

ನನ್ನ ಮಗಳಿಗೆ ಇದು ದೇವರೇ ಕಳಿಸಿದ ವರ. "ಒಳ್ಳೆಯದೇ ಆಯಿತು ಬಿಡಿ ಅಪ್ಪ, ಮುಂದಿನ ತಿಂಗಳು ಅವನಿಗೆ ಪರೀಕ್ಷೆ" ಎಂದಳು. ನಾನಾದರೋ ಮೇಷ್ಟ್ರು. ಸೋಮವಾರ ಬೆಳಿಗ್ಗೆ ಹುಡುಗನನ್ನು ಕೂರಿಸಿಕೊಂಡು ಅಜಾಗರೂಕತೆಯ ಬಗ್ಗೆ ಅರ್ಧ ಗಂಟೆ ಉಪದೇಶ ಮಾಡಿದೆ. ಯಾವ ಯಂತ್ರವನ್ನೂ ಆತುರದಲ್ಲಿ ಮುಟ್ಟಬಾರದು, ಬಿಚ್ಚಿದ್ದನ್ನು ಬಿಚ್ಚಿದ ಕ್ರಮದಲ್ಲಿಯೇ ಜೋಡಿಸಬೇಕು, ಇತ್ಯಾದಿ. ಅವನು ತಲೆ ತಗ್ಗಿಸಿ ಕೇಳಿದ. ಆ ಉಪದೇಶದ ಒಂದೊಂದು ವಾಕ್ಯವೂ ನನ್ನನ್ನು ಹುಡುಕಿಕೊಂಡು ಹಿಂತಿರುಗಿ ಬರಲಿದೆಯೆಂದು ನನಗಾಗ ತಿಳಿದಿರಲಿಲ್ಲ.

ಸಂಜೆ ಇಬ್ಬರೂ ಪರಿಶೀಲನೆಗೆ ಕುಳಿತೆವು. ಮೊದಲ ಹೆಜ್ಜೆಯಲ್ಲಿಯೇ ಎಡವಿದೆವು. ಶುಚಿಗೊಳಿಸುವ ಮುಂಚೆ ಪ್ರೊಸೆಸರಿನ ಉಷ್ಣತೆ ಎಷ್ಟಿತ್ತು? ಇಬ್ಬರೂ ನೋಡಿರಲಿಲ್ಲ. ಆರಂಭದ ಅಳತೆಯನ್ನು ಬರೆಯದೆ ಪ್ರಯೋಗ ಮಾಡಿದ ವಿದ್ಯಾರ್ಥಿಗಳ ರೆಕಾರ್ಡ್ ಪುಸ್ತಕಗಳಲ್ಲಿ ನಾನು ಎಷ್ಟು ಕೆಂಪು ಗೆರೆಗಳನ್ನು ಎಳೆದಿದ್ದೇನೋ ಲೆಕ್ಕವಿಲ್ಲ. ಇರಲಿ. ಈಗಿನ ಅಳತೆಯನ್ನಾದರೂ ನೋಡೋಣವೆಂದು ಉಷ್ಣತೆಯನ್ನು ತೋರಿಸುವ ಒಂದು ತಂತ್ರಾಂಶವನ್ನು ಹಾಕಿದೆವು. ಏನೂ ಕೆಲಸವಿಲ್ಲದೆ ಕುಳಿತಾಗಲೇ 58 ಡಿಗ್ರಿ. ಆಟ ತೆರೆದ ಅರ್ಧ ನಿಮಿಷದಲ್ಲಿ 100. ಅದರ ಪಕ್ಕದ ಅಂಕಿ, ಎಂದರೆ ಪ್ರೊಸೆಸರಿನ ವೇಗ, ನಾಲ್ಕು ಗಿಗಾಹರ್ಟ್ಸ್‌ನಿಂದ ಒಂದೂಕಾಲಿಗೆ ಇಳಿಯಿತು.

ಇದು ಯಂತ್ರದ ಆತ್ಮರಕ್ಷಣೆ. ಇಂದಿನ ಅನೇಕ ಪ್ರೊಸೆಸರುಗಳಿಗೆ 95ರಿಂದ 100 ಡಿಗ್ರಿ ಎಂಬುದು ಲಕ್ಷ್ಮಣರೇಖೆ. ಅಲ್ಲಿಗೆ ಮುಟ್ಟಿದೊಡನೆ ಅದು ಸುಟ್ಟುಹೋಗುವ ಬದಲು ತನ್ನ ನಡಿಗೆಯನ್ನು ತಾನೇ ನಿಧಾನಗೊಳಿಸಿಕೊಂಡು ಕಡಿಮೆ ಬಿಸಿ ಹುಟ್ಟಿಸುತ್ತದೆ. ಆದ್ದರಿಂದ ಯಂತ್ರ ನಿಧಾನವಾಯಿತು ಎಂಬುದು ರೋಗವಲ್ಲ. ಬಿಸಿ ಹೊರಗೆ ಹೋಗುತ್ತಿಲ್ಲ ಎಂಬುದು ರೋಗ. ಶುಚಿಮಾಡಿದ ಮೇಲೆ ಬಿಸಿ ಹೆಚ್ಚಾದರೆ ಅನುಮಾನಿಸಬೇಕಾದ ಸ್ಥಳಗಳು ಕೆಲವೇ: ಫ್ಯಾನಿನ ತಂತಿಯನ್ನು ಮದರ್‌ಬೋರ್ಡಿಗೆ ಸಿಕ್ಕಿಸಲು ಮರೆತಿರಬಹುದು, ಫ್ಯಾನನ್ನು ಹಿಂದುಮುಂದಾಗಿ ಕಟ್ಟಿರಬಹುದು, ಹೊಸ ಹೀಟ್‌ಸಿಂಕಾಗಿದ್ದರೆ ಅಡಿಗಿದ್ದ ಪ್ಲಾಸ್ಟಿಕ್ ಹಾಳೆಯನ್ನು ಸುಲಿಯದೆಯೇ ಕೂರಿಸಿರಬಹುದು (ನಗಬೇಡಿ, ಅನುಭವಸ್ಥರೂ ಮಾಡಿದ್ದಾರೆ), ಇಲ್ಲವೆ ಹೀಟ್‌ಸಿಂಕು ಸರಿಯಾಗಿ ಕೂತಿರಲಿಕ್ಕಿಲ್ಲ. ಫ್ಯಾನು ಸುತ್ತುತ್ತಿತ್ತು, ಗಾಳಿಯೂ ಸರಿಯಾದ ದಿಕ್ಕಿಗೆ ಬೀಸುತ್ತಿತ್ತು. ಉಳಿದದ್ದು ಕೊನೆಯದು.

ಇಲ್ಲಿ ನನ್ನ ಹಳೆಯ ಪಾಠ ನೆನಪಾಯಿತು. ಕನ್ನಡಿಯಂತೆ ಕಾಣುವ ಎರಡು ಲೋಹದ ಮುಖಗಳನ್ನು ಒಂದಕ್ಕೊಂದು ಒತ್ತಿದರೂ ಅವು ನಿಜವಾಗಿ ತಾಗುವುದು ಅಲ್ಲಲ್ಲಿ ಮಾತ್ರ; ಸೂಕ್ಷ್ಮದರ್ಶಕಕ್ಕೆ ಅವು ಬೆಟ್ಟಕಣಿವೆಗಳ ಸೀಮೆ. ಕಣಿವೆಗಳಲ್ಲಿ ಗಾಳಿ ನಿಂತಿರುತ್ತದೆ. ಗಾಳಿಯ ಉಷ್ಣವಾಹಕತೆ, ನಾವು ಬಳಸುವ ಮಾನದಲ್ಲಿ, ಸುಮಾರು 0.026, ತಾಮ್ರದ್ದು ಸುಮಾರು 400. ಎಂದರೆ ಹದಿನೈದು ಸಾವಿರ ಪಟ್ಟು ಅಂತರ. ಪೇಸ್ಟಿನದು ಐದೋ ಎಂಟೋ ಇದ್ದೀತು. ತಾಮ್ರದ ಮುಂದೆ ಅದು ಬಡವ, ಗಾಳಿಯ ಮುಂದೆ ಕುಬೇರ. ಆದ್ದರಿಂದ ಪೇಸ್ಟಿನ ಕೆಲಸ ಗಾಳಿಯನ್ನು ಹೊರಡಿಸುವುದೇ ಹೊರತು ಎರಡು ಲೋಹಗಳ ನಡುವೆ ದಪ್ಪ ಹಾಸಿಗೆಯಾಗಿ ಮಲಗುವುದಲ್ಲ. ಅದು ತೆಳ್ಳಗೆ ಹರಡಬೇಕಾದರೆ ಮೇಲಿನ ಒತ್ತಡ ನಾಲ್ಕು ಮೂಲೆಗಳಲ್ಲಿಯೂ ಸಮನಾಗಿರಬೇಕು. ಇದನ್ನೆಲ್ಲ ವರ್ಷವರ್ಷವೂ ಕಪ್ಪುಹಲಗೆಯ ಮೇಲೆ ಚಿತ್ರ ಬರೆದು ವಿವರಿಸಿದ್ದವನಿಗೆ, ಸ್ವಂತ ಮೊಮ್ಮಗ ಕಣ್ಣೆದುರಿಗೆ ಹೀಟ್‌ಸಿಂಕ್ ಕೂರಿಸುತ್ತಿದ್ದಾಗ ಬಗ್ಗಿ ನೋಡಬೇಕೆಂದು ತೋರಲಿಲ್ಲ.

ಪ್ರೊಸೆಸರಿನ ಜೊತೆಯಲ್ಲಿಯೇ ಬಂದ ಆ ಸಣ್ಣ ಹೀಟ್‌ಸಿಂಕಿಗೆ ನಾಲ್ಕು ಪ್ಲಾಸ್ಟಿಕ್ ಕಾಲುಗಳು. ಕಳಚುವಾಗ ಪ್ರತಿಯೊಂದರ ತಲೆಯನ್ನೂ ಬಾಣದ ಗುರುತಿನ ಕಡೆಗೆ ತಿರುಗಿಸಿ ಎಳೆಯಬೇಕು. ಮತ್ತೆ ಹಾಕುವ ಮುಂಚೆ ತಲೆಯನ್ನು ಮೊದಲಿನ ಸ್ಥಾನಕ್ಕೆ ತಿರುಗಿಸಿ, ಆಮೇಲೆ ಎದುರುಬದುರು ಮೂಲೆಗಳನ್ನು ಜೊತೆಜೊತೆಯಾಗಿ 'ಟಕ್' ಎನ್ನುವ ತನಕ ಒತ್ತಬೇಕು. ತಿರುಗಿಸದೆ ಒತ್ತಿದ ಕಾಲು ಕೂತಂತೆ ಕಾಣುತ್ತದೆ, ಆದರೆ ಕಚ್ಚಿ ಹಿಡಿಯುವುದಿಲ್ಲ. ಸುಹಾಸ ದೀಪ ಹಿಡಿದು ನೋಡಿದ. ಮೂರು ತಲೆಗಳು ಒಂದು ದಿಕ್ಕಿಗೆ, ನಾಲ್ಕನೆಯದು ಇನ್ನೊಂದು ದಿಕ್ಕಿಗೆ. ಬೆರಳಿನಿಂದ ಮುಟ್ಟಿದರೆ ಅಲುಗಾಡಿತು. ಹೀಟ್‌ಸಿಂಕನ್ನು ಎತ್ತಿ ನೋಡಿದಾಗ ಸಾಕ್ಷ್ಯ ಅಚ್ಚೊತ್ತಿದಂತಿತ್ತು: ಮುಕ್ಕಾಲು ಭಾಗದಲ್ಲಿ ಪೇಸ್ಟು ತೆಳುವಾಗಿ ಹರಡಿದೆ, ಒಂದು ಮೂಲೆಯಲ್ಲಿ ಗುಡ್ಡೆಯಾಗಿ ನಿಂತಿದೆ, ಅದರ ಮೇಲೆ ಲೋಹ ತಾಗಿದ ಗುರುತೇ ಇಲ್ಲ.

"ನನ್ನದೇ ತಪ್ಪು ತಾತ," ಎಂದ. ನಾನು ಗಂಭೀರವಾಗಿ ತಲೆಯಾಡಿಸಿದೆ. ಹಳೆಯದನ್ನು ಒರೆಸಿ, ಹೊಸ ಪೇಸ್ಟಿಟ್ಟು, ನಾಲ್ಕು ಬಾರಿ 'ಟಕ್' ಎನಿಸಿ, ಆಟ ತೆರೆದೆವು. ಉಷ್ಣತೆ 72ಕ್ಕೆ ಏರಿ ಅಲ್ಲಿಯೇ ನಿಂತಿತು. ವೇಗ ಕುಗ್ಗಲಿಲ್ಲ. ಗೆದ್ದೆವೆಂದು ನಾನು ಎದ್ದು ನಿಂತೆ. ಆದರೆ ಸುಹಾಸ ಪರದೆಯ ಮೂಲೆಯನ್ನೇ ನೋಡುತ್ತಿದ್ದ. ಸೆಕೆಂಡಿಗೆ 22 ಚಿತ್ರ.

ಅರ್ಧ ಗುಣವಾದ ರೋಗದಷ್ಟು ವೈದ್ಯನನ್ನು ದಾರಿ ತಪ್ಪಿಸುವುದು ಇನ್ನೊಂದಿಲ್ಲ. ಹನ್ನೊಂದು ಇಪ್ಪತ್ತೆರಡಾಯಿತಲ್ಲ, ಇನ್ನಷ್ಟು ತಂಪು ಮಾಡಿದರೆ ಅರವತ್ತೂ ಆದೀತು ಎಂದು ನಾನು ವಾದಿಸಿದೆ. ಮಂಗಳವಾರ ಪಕ್ಕದ ಮುಚ್ಚಳ ತೆಗೆದು ಮೇಜಿನ ಫ್ಯಾನನ್ನು ಎದುರಿಗಿಟ್ಟೆವು. ಉಷ್ಣತೆ 66ಕ್ಕೆ ಇಳಿಯಿತು, ಚಿತ್ರ 22ರಲ್ಲಿಯೇ ಉಳಿಯಿತು. ಬುಧವಾರ ಮೆಮೊರಿಯ ಪಟ್ಟಿಗಳನ್ನು ಕಿತ್ತು ಮತ್ತೆ ಹಾಕಿದೆವು. ಎರಡು ಪಟ್ಟಿಗಳನ್ನು ತಪ್ಪು ಕಿಂಡಿಗಳಲ್ಲಿ ಹಾಕಿದರೆ ಅವು ಜೋಡಿಯಾಗಿ ದುಡಿಯದೆ ಒಂಟಿ ದಾರಿಯಲ್ಲಿ ನಡೆಯುತ್ತವಂತೆ. ಅವು ಸರಿಯಾಗಿಯೇ ಇದ್ದವು. ಗುರುವಾರ ಹುಡುಗ ಏನನ್ನೂ ಮುಟ್ಟಲಿಲ್ಲ. ಪುಸ್ತಕ ಹಿಡಿದು ಕುಳಿತಿದ್ದ, ಹಾಳೆ ತಿರುವಿದ್ದನ್ನು ನಾನು ಕಾಣಲಿಲ್ಲ. ಅವನ ತಾಯಿ ಹಾಲು ಕೊಟ್ಟು ಹೊರಗೆ ಬಂದು, "ಓದುತ್ತಿದ್ದಾನೆ" ಎಂದು ಪಿಸುದನಿಯಲ್ಲಿ ಸಂತೋಷಪಟ್ಟಳು. ಭಾನುವಾರದ ಪದ್ಧತಿ ಒಂದು ಸಲ ತಪ್ಪಿದೆ; ಎರಡನೆಯ ಸಲವೂ ತಪ್ಪಿದರೆ ಅದು ಇನ್ನು ಕೂಡಿಕೊಳ್ಳುವುದಿಲ್ಲವೆಂದು ಅವನಿಗೆ ಅನಿಸಿರಬೇಕು. ಅಕ್ಕ ಹಾಗೆ ಹೇಳಿದ್ದಳಲ್ಲ.

ಶುಕ್ರವಾರ ರಾತ್ರಿ ನಿದ್ರೆ ಬಾರದೆ ನಾನು ಒಬ್ಬನೇ ಯೋಚಿಸಿದೆ. ಮೂರು ದಿನ ನಾವಿಬ್ಬರೂ ಬಿಸಿ ಎಲ್ಲಿದೆ ಎಂದು ಹುಡುಕಿದೆವು. ಬಿಸಿ ಎಲ್ಲಿ ಇಲ್ಲ ಎಂದು ಕೇಳಿಕೊಂಡೆವೇ? ಬೆಳಿಗ್ಗೆ ಸುಹಾಸನನ್ನು ಎಬ್ಬಿಸಿ ಆಟ ಹಾಕಿಸಿದೆ. ಉಷ್ಣತೆಯ ಪಟ್ಟಿಯಲ್ಲಿ ಪ್ರೊಸೆಸರಿನ ಕೆಳಗೆ ಇನ್ನೊಂದು ಸಾಲಿತ್ತು, ಗ್ರಾಫಿಕ್ಸ್ ಕಾರ್ಡಿನದು. ಚಿತ್ರ ಬರೆಯುವ ಕೆಲಸವೆಲ್ಲ ಆ ಕಾರ್ಡಿನದಂತೆ. ಯಂತ್ರದಲ್ಲಿ ಅತ್ಯಂತ ಬೆಲೆಯುಳ್ಳ ಭಾಗವೂ ಅದೇ. ಅದರ ಉಷ್ಣತೆ 36. ಅದರ ಎರಡು ಫ್ಯಾನುಗಳೂ ನಿಶ್ಚಲವಾಗಿ ನಿಂತಿದ್ದವು.

"ಇದು ಯಾಕೋ ಇಷ್ಟು ತಣ್ಣಗಿದೆ?" ಎಂದೆ.

"ಬಿಸಿಯಾಗದಿದ್ದರೆ ಒಳ್ಳೆಯದೇ ಅಲ್ಲವೇ ತಾತ? ತಣ್ಣಗಿದ್ದಾಗ ಅದರ ಫ್ಯಾನು ತಾನೇ ನಿಲ್ಲುತ್ತದೆ."

"ಕೆಲಸ ಮಾಡುವವನು ಬೆವರದೆ ಇರುತ್ತಾನೇನೋ?"

ಅವನು ಒಂದು ಗಳಿಗೆ ನನ್ನ ಮುಖ ನೋಡಿದ. ಆಮೇಲೆ ಕುರ್ಚಿಯನ್ನು ತಳ್ಳಿ, ಯಂತ್ರದ ಹಿಂದಕ್ಕೆ ಹೋಗಿ, ನೆಲದ ಮೇಲೆ ಕುಕ್ಕುರುಗಾಲಲ್ಲಿ ಕೂತ. ಎಷ್ಟು ಹೊತ್ತಾದರೂ ಮಾತಿಲ್ಲ.

ಪರದೆಗೆ ಹೋಗುವ ತಂತಿಗೆ ಹಿಂಭಾಗದಲ್ಲಿ ಒಂದೇ ಆಕಾರದ ಎರಡು ಬಾಯಿಗಳಿವೆ. ಮೇಲೆ, ಇತರ ಸಣ್ಣ ಕಿಂಡಿಗಳ ಸಾಲಿನಲ್ಲಿರುವುದು ಮದರ್‌ಬೋರ್ಡಿನದು. ಕೆಳಗೆ ಅಡ್ಡಲಾಗಿರುವುದು ಗ್ರಾಫಿಕ್ಸ್ ಕಾರ್ಡಿನದು. ಮೇಲಿನದಕ್ಕೆ ಸಿಕ್ಕಿಸಿದರೆ ಕೆಲವು ಯಂತ್ರಗಳಲ್ಲಿ ಪರದೆ ಕಪ್ಪಾಗಿಯೇ ಉಳಿಯುತ್ತದೆ, ತಪ್ಪು ಆಗಲೇ ಗೊತ್ತಾಗುತ್ತದೆ. ಸುಹಾಸನ ಯಂತ್ರದಲ್ಲಿ ಹಾಗಾಗಲಿಲ್ಲ. ಪ್ರೊಸೆಸರಿನ ಒಳಗೇ ಒಬ್ಬ ಸಣ್ಣ ಚಿತ್ರಗಾರನಿದ್ದಾನೆ. ಅಕ್ಷರ, ಅಂಕಿ, ಸಿನಿಮಾ ಇವುಗಳಿಗೆ ಅವನು ಧಾರಾಳವಾಗಿ ಸಾಕು. ಆದ್ದರಿಂದ ಹಬ್ಬದ ದಿನಗಳಲ್ಲಿ ಯಾರಿಗೂ ಸಂಶಯ ಬರಲಿಲ್ಲ. ಲಾರಿ, ಮಳೆ, ಕನ್ನಡಿಯ ಪ್ರತಿಬಿಂಬ, ಸಾವಿರ ಮರಗಳು ಬಂದಾಗ ಅವನ ಕೈ ಸೋತಿತು. ಪಳಗಿದ ಚಿತ್ರಗಾರ ಪಕ್ಕದಲ್ಲಿಯೇ ಕರೆಯಿಲ್ಲದೆ ಕೈಕಟ್ಟಿ ಕುಳಿತಿದ್ದ. ಮಾತ್ರವಲ್ಲ, ಸಣ್ಣವನ ದುಡಿಮೆಯ ಬಿಸಿಯೂ ಪ್ರೊಸೆಸರಿನ ತಲೆಯ ಮೇಲೆಯೇ ಬೀಳುತ್ತಿತ್ತು.

ಕೊನೆಗೆ ಹಿಂದಿನಿಂದ ಧ್ವನಿ ಬಂತು. "ತಂತಿ ಮೇಲಿನದಕ್ಕೆ ಹೋಗಿಬಿಟ್ಟಿದೆ. ನಾನೇ ಹಾಗೆ ಹಾಕಿರಬೇಕು ತಾತ."

ಅವನು ಹಾಕಿರಲಿಲ್ಲ. ಅವನು ಆಗ ಬಚ್ಚಲಮನೆಯಲ್ಲಿದ್ದ. ಅದು ಅವನಿಗೂ ಗೊತ್ತು. ಸೋಮವಾರದ ನನ್ನ ಉಪದೇಶ ಅಕ್ಷರಶಃ ಕಿವಿಯಲ್ಲಿ ಮೊಳಗಿತು. ಸುಮ್ಮನಿದ್ದರೆ ಸುಮ್ಮನಿರಬಹುದಾಗಿತ್ತು, ಮನೆಯಲ್ಲಿ ಯಾರೂ ಕೇಳುತ್ತಿರಲಿಲ್ಲ, ಕೇಳಿದರೂ ಹುಡುಗ ಹೇಳುತ್ತಿರಲಿಲ್ಲ. ಹಾಗೆ ಸುಮ್ಮನಿರಲು ನನಗೆ ಒಂದು ಕ್ಷಣ ಮನಸ್ಸೂ ಆಯಿತೆಂಬುದನ್ನು ಇಲ್ಲಿ ಬರೆಯುತ್ತಿದ್ದೇನೆ. "ಇಲ್ಲ ಕಣೋ, ಹಾಕಿದ್ದು ನಾನು" ಎಂದೆ. "ಬಗ್ಗಲಾರದೆ, ಕೈಗೆ ಸಿಕ್ಕಿದ ಬಾಯಿಗೆ ಸಿಕ್ಕಿಸಿದೆ."

"ಹಾಗಾದರೆ ಕಾಲು ನನ್ನದು, ತಂತಿ ನಿಮ್ಮದು," ಎಂದು ಅವನು ನಕ್ಕ. ಐದು ದಿನಗಳ ಮೇಲೆ ನಕ್ಕಿದ್ದು.

ತಂತಿಯನ್ನು ಕೆಳಗಿನ ಬಾಯಿಗೆ ಬದಲಾಯಿಸಿದ. ಕಾರ್ಡಿನ ಫ್ಯಾನುಗಳು ಸ್ವಲ್ಪ ಹೊತ್ತಿನಲ್ಲಿ ಸುತ್ತತೊಡಗಿದವು. ಕಾರ್ಡು 64 ಡಿಗ್ರಿ, ಪ್ರೊಸೆಸರು 61, ಚಿತ್ರ 60. ಈ ಸಲ ಸುಹಾಸ ಮೂರನ್ನೂ ಒಂದು ಚೀಟಿಯಲ್ಲಿ ದಿನಾಂಕದೊಡನೆ ಬರೆದು ಮುಚ್ಚಳದ ಒಳಭಾಗಕ್ಕೆ ಅಂಟಿಸಿದ. ಮುಂದಿನ ಆಯುಧಪೂಜೆಗೆ ಆರಂಭದ ಅಳತೆ ಸಿದ್ಧವಾಗಿದೆ.

ಅಕ್ಟೋಬರ್ 12ರ ಭಾನುವಾರ ಒಂಬತ್ತು ಗಂಟೆಗೆ ನಾನೂ ಅವನ ಕೋಣೆಯಲ್ಲಿ ಹಾಜರಿದ್ದೆ. ಹೆಡ್‌ಫೋನ್ ಬೇಡ, ಸ್ಪೀಕರ್ ಹಾಕು, ಯಂತ್ರದ ಸದ್ದು ಹೇಗಿದೆ ನೋಡೋಣ ಎಂದೆ, ಅದು ನೆಪ. ಎರಡು ಲಾರಿಗಳೂ ಡ್ರೆಸ್ಡೆನ್ ಬಿಟ್ಟು ಪ್ರಾಗ್ ದಾರಿ ಹಿಡಿದವು. ಮುಂದೆ ಮೇಘನಾಳದು, ಹಿಂದೆ ಇವನದು. ರಸ್ತೆ ಎಣ್ಣೆ ಸವರಿದಂತೆ ಜಾರುತ್ತಿತ್ತು. ಯಾವುದೋ ಸಿನಿಮಾ, ಯಾರೋ ಸ್ನೇಹಿತೆಯ ಮದುವೆ, ಅಜ್ಜಿಯ ಒಬ್ಬಟ್ಟು ಎಲ್ಲ ಮಾತಾಯಿತು. ಒಂದು ಉದ್ದನೆಯ ಏರಿನಲ್ಲಿ ಇಬ್ಬರೂ ಸ್ವಲ್ಪ ಹೊತ್ತು ಸುಮ್ಮನಿದ್ದರು.

"ಸುಹಾಸ, ಅಮ್ಮನಿಗೆ ಹೇಳಬೇಡ. ಹಬ್ಬದ ವಾರ ನನಗೆ ನಾಲ್ಕು ದಿನ ಜ್ವರ ಕಣೋ. ಎದ್ದು ನೀರು ಕಾಯಿಸಿಕೊಳ್ಳುವುದಕ್ಕೂ ಆಗಲಿಲ್ಲ. ಹೋದ ಭಾನುವಾರ ನಿನಗೆ ಹೇಳೋಣ ಅಂತಿದ್ದೆ. ನಿನ್ನ ಲಾರಿಯೇ ಕೆಟ್ಟುಹೋಯಿತು."

ಸುಹಾಸ ಉತ್ತರ ಕೊಡುವುದಕ್ಕೆ ಮುಂಚೆ ಹಿಂದಕ್ಕೆ ತಿರುಗಿ ನೋಡಿದ, ನನ್ನನ್ನಲ್ಲ, ಬಾಗಿಲನ್ನು. ಹಾಲಿನ ಲೋಟ ಹಿಡಿದು ನನ್ನ ಮಗಳು ಹೊಸ್ತಿಲಲ್ಲಿ ನಿಂತಿದ್ದಳು. ಯಾವಾಗ ಬಂದಳೋ ಯಾರೂ ನೋಡಿರಲಿಲ್ಲ. ಅವಳು ಮಾತನಾಡಲಿಲ್ಲ. ಲೋಟವನ್ನು ಮೇಜಿನ ಮೇಲಿಟ್ಟು, ಮೂಲೆಯಲ್ಲಿದ್ದ ಮುಕ್ಕಾಲಿಯನ್ನು ಸದ್ದಾಗದಂತೆ ಎಳೆದುಕೊಂಡು, ಮಗನ ಪಕ್ಕದಲ್ಲಿ ಕೂತು, ಮುಂದೆ ಹೋಗುತ್ತಿದ್ದ ಲಾರಿಯ ಕೆಂಪು ದೀಪಗಳನ್ನು ನೋಡತೊಡಗಿದಳು.